ಹೋಗಲೊಲ್ಲದ ಆಂಟಿವೈರಸ್ ಅನ್ನು ಬೇರುಸಮೇತ ತೆಗೆದದ್ದು: ನನ್ನ ಅನುಭವ

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ವಿಂಡೋಸ್‌ನಲ್ಲಿ ಯಾವುದಾದರೂ ಪ್ರೋಗ್ರಾಂ ಹೋಗುತ್ತಿಲ್ಲ ಅಂತ ಸಿಟ್ಟಿನಲ್ಲಿ ಅದರ ಫೋಲ್ಡರನ್ನೇ ಡಿಲೀಟ್ ಮಾಡಬೇಡಿ. ಅದನ್ನು ತೆಗೆಯುವ ಅನ್‌ಇನ್‌ಸ್ಟಾಲರ್ ಸಾಮಾನ್ಯವಾಗಿ ಅದೇ ಫೋಲ್ಡರ್‌ನಲ್ಲಿ ಇರುತ್ತದೆ. ಅದೂ ಹೋದರೆ ಸೆಟ್ಟಿಂಗ್ಸ್‌ನ ಪ್ರೋಗ್ರಾಂಗಳ ಪಟ್ಟಿಯಲ್ಲಿ ಹೆಸರು ಮಾತ್ರ ಉಳಿದು ಇನ್ನೂ ಜಾಸ್ತಿ ತಲೆನೋವು.

ನಮ್ಮ ಅಕ್ಕ ಹೈಸ್ಕೂಲ್ ಟೀಚರ್. ಅವಳ ವಿಂಡೋಸ್ 11 ಲ್ಯಾಪ್‌ಟಾಪ್ ಜೊತೆಗೇ ಒಂದು ಆಂಟಿವೈರಸ್ ಬಂದಿತ್ತು, ಅದರ ಉಚಿತ ಅವಧಿ ಮುಗಿದಿತ್ತು. ಎಕ್ಸೆಲ್‌ನಲ್ಲಿ ಮಾರ್ಕ್ಸ್ ತುಂಬಲು ಕೂತರೆ ಸಾಕು, ಕೆಳಗಿನ ಮೂಲೆಯಿಂದ 'ರಿನ್ಯೂ ಮಾಡಿ' ಅಂತ ಎದ್ದು ಬರುತ್ತಿತ್ತು. "ಇದನ್ನ ಹೇಗಾದ್ರೂ ತೆಗೆದು ಕೊಡೋ" ಅಂದಳು. ಸೆಟ್ಟಿಂಗ್ಸ್‌ಗೆ ಹೋಗಿ ಅನ್‌ಇನ್‌ಸ್ಟಾಲ್ ಒತ್ತಿದರೆ ಅರ್ಧಕ್ಕೆ ನಿಂತು ಎರರ್. ಟಾಸ್ಕ್ ಮ್ಯಾನೇಜರ್‌ನಲ್ಲಿ ನಿಲ್ಲಿಸಲು ಹೋದರೆ 'ಆಕ್ಸೆಸ್ ಡಿನೈಡ್'. ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂಗಳ ಪಟ್ಟಿಯಾದ ಸರ್ವಿಸಸ್ ತೆರೆದು ನೋಡಿದರೆ ಅದರ ಸಾಲಿನಲ್ಲಿ ಸ್ಟಾಪ್ ಬಟನ್ ಬೂದುಬಣ್ಣಕ್ಕೆ ತಿರುಗಿ ಒತ್ತಲಿಕ್ಕೇ ಆಗದಂತೆ ಇತ್ತು.

ಇದಕ್ಕೆ ಕಾರಣ ಇದೆ. ವೈರಸ್ ಬಂದು ತನ್ನನ್ನೇ ಆಫ್ ಮಾಡಬಾರದು ಅಂತ ಆಂಟಿವೈರಸ್ ತನಗೆ ತಾನೇ ಕಾವಲು ಹಾಕಿಕೊಂಡಿರುತ್ತದೆ. ಅದರ ಡ್ರೈವರ್‌ಗಳು ವಿಂಡೋಸ್ ಶುರುವಾಗುವಾಗಲೇ ಶುರುವಾಗುತ್ತವೆ, ಅದಾದ ಮೇಲೆ ನಾವು ಲಾಗಿನ್ ಆಗುತ್ತೇವೆ. ಹಾಗಾಗಿ ಅದು ಎದ್ದಿರುವಾಗ ಗುದ್ದಾಡಿ ಪ್ರಯೋಜನ ಇಲ್ಲ, ಏಳದಿರುವಾಗ ಹಿಡಿಯಬೇಕು. ಅಂದರೆ ಸೇಫ್ ಮೋಡ್, ವಿಂಡೋಸ್ ತೀರಾ ಅಗತ್ಯದ್ದನ್ನಷ್ಟೇ ಇಟ್ಟುಕೊಂಡು ಏಳುವ ರೀತಿ.

ಅದಕ್ಕೂ ಮುಂಚೆ ಮೂರು ಕೆಲಸ ಮುಗಿಸಿಕೊಂಡೆ. ಏನಾದರೂ ಕೆಟ್ಟರೆ ವಿಂಡೋಸನ್ನು ಹಿಂದಿನ ಸ್ಥಿತಿಗೆ ತರಲು ಒಂದು ರಿಸ್ಟೋರ್ ಪಾಯಿಂಟ್ ಮಾಡಿಟ್ಟೆ. ಅಕ್ಕನ ಮೈಕ್ರೋಸಾಫ್ಟ್ ಅಕೌಂಟ್ ತೆರೆದು ಬಿಟ್‌ಲಾಕರ್ (ಡಿಸ್ಕ್‌ಗೆ ಬೀಗ ಹಾಕಿ ಎನ್‌ಕ್ರಿಪ್ಟ್ ಮಾಡುವ ವಿಂಡೋಸ್ ಸೌಲಭ್ಯ) ರಿಕವರಿ ಕೀ ಬರೆದುಕೊಂಡೆ, ಯಾಕೆಂದರೆ ಡಿಸ್ಕ್ ಎನ್‌ಕ್ರಿಪ್ಟ್ ಆಗಿದ್ದರೆ ಸೇಫ್ ಮೋಡ್‌ಗೆ ಹೋಗುವಾಗ ಆ 48 ಅಂಕಿ ಕೇಳಬಹುದು, ಆಗ ಹುಡುಕುತ್ತಾ ಕೂರಲು ಆಗುವುದಿಲ್ಲ. ಮೂರನೆಯದು, ಆ ಆಂಟಿವೈರಸ್ ಕಂಪನಿಯದೇ ರಿಮೂವಲ್ ಟೂಲ್. ಹೆಸರಾಂತ ಆಂಟಿವೈರಸ್ ಕಂಪನಿಗಳಲ್ಲಿ ಹೆಚ್ಚಿನವು ಇಂಥದ್ದೊಂದನ್ನು ಉಚಿತವಾಗಿ ಕೊಡುತ್ತವೆ. ಕಂಪನಿಯ ಸ್ವಂತ ಸೈಟಿನಿಂದಲೇ ಇಳಿಸಿಕೊಳ್ಳಿ. ಸರ್ಚ್‌ನಲ್ಲಿ ಮೇಲೆ ಬರುವ ಜಾಹೀರಾತು ನಂಬಿದರೆ ಒಂದು ಹೋಗಿ ಇನ್ನೊಂದು ಅಂಟಿಕೊಳ್ಳುತ್ತದೆ.

ಶಿಫ್ಟ್ ಒತ್ತಿ ಹಿಡಿದು ರೀಸ್ಟಾರ್ಟ್ ಕ್ಲಿಕ್ ಮಾಡಿದೆ. ಟ್ರಬಲ್‌ಶೂಟ್, ಅಡ್ವಾನ್ಸ್‌ಡ್ ಆಪ್ಶನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್, ಮತ್ತೆ ರೀಸ್ಟಾರ್ಟ್. ಆಮೇಲೆ ಬರುವ ಪಟ್ಟಿಯಲ್ಲಿ 4 ಒತ್ತಿದರೆ ಸೇಫ್ ಮೋಡ್. ಕಪ್ಪು ತೆರೆ, ನಾಲ್ಕು ಮೂಲೆಯಲ್ಲೂ 'ಸೇಫ್ ಮೋಡ್' ಅಂತ ಅಕ್ಷರ. ಇಲ್ಲಿ ಮಾಮೂಲಿ ಅನ್‌ಇನ್‌ಸ್ಟಾಲ್ ಬಹಳ ಸಲ ನಡೆಯುವುದಿಲ್ಲ, ವಿಂಡೋಸ್ ಇನ್‌ಸ್ಟಾಲರ್ ಸರ್ವಿಸ್ ಸೇಫ್ ಮೋಡ್‌ನಲ್ಲಿ ಓಡುವುದಿಲ್ಲ ನೋಡಿ. ರಿಮೂವಲ್ ಟೂಲ್‌ಗೆ ಆ ತೊಂದರೆ ಬರಲಿಲ್ಲ. ಅಡ್ಮಿನಿಸ್ಟ್ರೇಟರ್ ಆಗಿ ಓಡಿಸಿದೆ, ತನ್ನ ಪಾಡಿಗೆ ಎಲ್ಲ ಗುಡಿಸಿ ರೀಸ್ಟಾರ್ಟ್ ಕೇಳಿತು.

ರೀಸ್ಟಾರ್ಟ್ ಅಂದರೆ ರೀಸ್ಟಾರ್ಟೇ, ಶಟ್‌ಡೌನ್ ಮಾಡಿ ಆನ್ ಮಾಡುವುದಲ್ಲ. ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಶಟ್‌ಡೌನ್ ಆದಾಗ ಡ್ರೈವರ್‌ಗಳ ಸ್ಥಿತಿ ಡಿಸ್ಕ್‌ನಲ್ಲಿ ಉಳಿದು ಹಾಗೇ ವಾಪಸ್ ಬರುತ್ತದೆ.

ಈಗ ಉಳಿದ ಚೂರುಪಾರು. ಪ್ರೋಗ್ರಾಂ ಫೈಲ್ಸ್, ಪ್ರೋಗ್ರಾಂ ಡೇಟಾ, ಆಪ್ ಡೇಟಾ ಮೂರರಲ್ಲೂ ಕಂಪನಿ ಹೆಸರಿನ ಫೋಲ್ಡರ್ ಹುಡುಕಿದೆ. ಕೊನೆಯ ಎರಡು ಅಡಗಿರುತ್ತವೆ, ಹಿಡನ್ ಐಟಮ್ಸ್ ಆನ್ ಮಾಡಿಕೊಳ್ಳಬೇಕು. ಪ್ರೋಗ್ರಾಂ ಡೇಟಾದಲ್ಲಿ ಒಂದು ಫೋಲ್ಡರ್ ತುಂಬಾ ಹಳೇ ಲಾಗ್‌ಗಳು ಸಿಕ್ಕವು. ನಿಗದಿತ ಸಮಯಕ್ಕೆ ತಾನಾಗೇ ಕೆಲಸ ಓಡಿಸುವ ಟಾಸ್ಕ್ ಶೆಡ್ಯೂಲರ್ ನೋಡಲು ತುಂಬಾ ಜನ ಮರೆಯುತ್ತಾರೆ. ಅಲ್ಲಿ ಒಂದು ಅಪ್‌ಡೇಟ್ ಟಾಸ್ಕ್ ಇನ್ನೂ ಕೂತಿತ್ತು, ಅದನ್ನೂ ಅಳಿಸಿದೆ.

ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ಜಾಗ ರಿಜಿಸ್ಟ್ರಿ. ಅದನ್ನು ಗುಡಿಸುತ್ತೇವೆ ಅನ್ನುವ ರಿಜಿಸ್ಟ್ರಿ ಕ್ಲೀನರ್ ಮಾತ್ರ ಬೇಡವೇ ಬೇಡ. ನಾಲ್ಕು ಅನಾಥ ಸಾಲು ಉಳಿದರೆ ಕಂಪ್ಯೂಟರ್ ನಿಧಾನ ಆಗುವುದಿಲ್ಲ, ಆದರೆ ಕ್ಲೀನರ್ ತಪ್ಪು ಸಾಲು ಅಳಿಸಿದರೆ ವಿಂಡೋಸೇ ಏಳದೆ ಹೋಗಬಹುದು. ಹೆಸರು ಪಟ್ಟಿಯಲ್ಲಿ ಹಾಗೇ ಉಳಿದಿದ್ದರೆ ರಿಜಿಸ್ಟ್ರಿಯ ಅನ್‌ಇನ್‌ಸ್ಟಾಲ್ ಕೀ ಒಳಗೆ ಆ ಒಂದನ್ನೇ ಹುಡುಕಿ, ಮೊದಲು ಎಕ್ಸ್‌ಪೋರ್ಟ್ ಮಾಡಿಟ್ಟುಕೊಂಡು, ಆಮೇಲೆ ತೆಗೆದರೆ ಸಾಕು.

ಕೊನೆಗೆ ವಿಂಡೋಸ್ ಸೆಕ್ಯುರಿಟಿ ತೆರೆದು ನೋಡಿದೆ. ವಿಂಡೋಸ್‌ನದೇ ಆಂಟಿವೈರಸ್ ಆದ ಡಿಫೆಂಡರ್ ತಾನಾಗೇ ಆನ್ ಆಗಿತ್ತು. ಅಲ್ಲಿ ಇನ್ನೂ ಹಳೇ ಆಂಟಿವೈರಸ್ ಹೆಸರೇ ಕಾಣುತ್ತಿದ್ದರೆ ಕೆಲಸ ಮುಗಿದಿಲ್ಲ ಅಂತ ಅರ್ಥ, ಟೂಲನ್ನು ಇನ್ನೊಮ್ಮೆ ಓಡಿಸಿ.