ಚಿಕ್ಕ ಎಸ್‌ಯುವಿಗೆ ದೋಣಿ ಕಟ್ಟುವ ಮುನ್ನ ಮೂತಿಯ ಭಾರ ತೂಗಿ

ದೋಣಿಯ ಟ್ರೇಲರ್ ಹಿಂದೆ ಓಲಾಡದಿರಬೇಕಾದರೆ ಅದರ ಮೂತಿ ವಾಹನದ ಕೊಂಡಿಯ ಮೇಲೆ ಎಷ್ಟು ಭಾರ ಹಾಕುತ್ತಿದೆ ಎಂದು ತೂಗಿ ನೋಡಿ: ಟ್ರೇಲರ್, ದೋಣಿ, ಇಂಧನ, ಸಾಮಾನು ಸೇರಿದ ಒಟ್ಟು ತೂಕದ ಶೇ. 10ರಿಂದ 15ರಷ್ಟು ಇರಬೇಕು (ಟ್ರೇಲರ್ ತಯಾರಕರು ಬೇರೆ ಅಂಕಿ ಕೊಟ್ಟಿದ್ದರೆ ಅದೇ ಅಂತಿಮ). ಸಮತಟ್ಟಾದ ನೆಲದಲ್ಲಿ ಚಕ್ರಗಳಿಗೆ ತಡೆ ಕೊಟ್ಟು, ಕೊಂಡಿಯ ಎತ್ತರಕ್ಕೇ ಸರಿಯಾಗಿ ಗಟ್ಟಿ ಮರದ ತುಂಡನ್ನು ನಿಲ್ಲಿಸಿ, ಅದರಡಿ ಮನೆಯ ತೂಕದ ಯಂತ್ರ ಇಟ್ಟು, ಮೂತಿಯನ್ನು ಆ ತುಂಡಿನ ಮೇಲೆ ಇಳಿಸಿದರೆ ಸಾಕು. 900 ಕಿಲೋ ಟ್ರೇಲರ್‌ಗೆ ಮುಳ್ಳು 60 ತೋರಿಸಿದರೆ ಲಂಗರು, ಪೆಟ್ಟಿಗೆಗಳನ್ನು ಮುಂದಕ್ಕೆ ಸರಿಸಿ. ಹೊರಗಿನ ಎಂಜಿನ್ ದೋಣಿಯ ಬಾಲದಲ್ಲೇ ತೂಗುವುದರಿಂದ ಮೂತಿ ಹಗುರಾಗುವುದು ಸಹಜ. ಮುಂದಿನ ಮತ್ತು ಹಿಂದಿನ ಚಕ್ರಗಳ ಅಂತರ ಕಡಿಮೆಯಿರುವ ವಾಹನವನ್ನು ಅಂಥ ಟ್ರೇಲರ್ ಸುಲಭವಾಗಿ ಪಕ್ಕಕ್ಕೆ ತಳ್ಳುತ್ತದೆ. ತಳದಲ್ಲಿ ನಿಂತ ನೀರೂ ಹಿಂದಕ್ಕೇ ಹರಿಯುತ್ತದೆ, ಆದ್ದರಿಂದ ಬಿರಡೆ ತೆಗೆದು ಬಸಿಯಿರಿ. (ನೀರಿಗಿಳಿಸುವ ಮುನ್ನ ಮರಳಿ ಹಾಕುವುದನ್ನು ಮರೆಯಬೇಡಿ!) ಆದರೆ ಮೂತಿಯ ಭಾರ ಅತಿಯಾದರೂ ಕೆಡುಕೇ: ವಾಹನದ ಹಿಂಭಾಗ ಕುಸಿದು, ಮುಂದಿನ ಚಕ್ರಗಳ ಹಿಡಿತ ಸಡಿಲಗೊಂಡು ಸ್ಟಿಯರಿಂಗ್ ಹಗುರಾಗುತ್ತದೆ. ಕೈಪಿಡಿಯಲ್ಲಿರುವ ಕೊಂಡಿಯ ಮಿತಿಯನ್ನೂ ಎಳೆಯುವ ತೂಕದ ಮಿತಿಯನ್ನೂ ಮೀರಿದ ದೋಣಿಗೆ ಈ ಯಾವ ಸರಿದೂಗಿಸುವಿಕೆಯೂ ಪರಿಹಾರವಲ್ಲ, ದೊಡ್ಡ ವಾಹನವೇ ಬೇಕು. ಇಳಿಜಾರಿನ ವೇಗಕ್ಕೆ, ಅಡ್ಡಗಾಳಿಗೆ ಓಲಾಟ ಶುರುವಾದರೆ ಸ್ಟಿಯರಿಂಗ್ ನೇರ ಹಿಡಿದು ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ. ಬ್ರೇಕನ್ನು ಗಟ್ಟಿಯಾಗಿ ಒತ್ತಬೇಡಿ, ವೇಗ ಹೆಚ್ಚಿಸಿ ನೆಟ್ಟಗೆ ಮಾಡುವ ಸಾಹಸವಂತೂ ಬೇಡವೇ ಬೇಡ.