ಹಿಮಕ್ಕೆ ಹೊರಡುವ ಮುಂಚೆ ಹತ್ತಿ ರಾಶಿ

ಹುಬ್ಬಳ್ಳಿಯಲ್ಲಿ ಇಪ್ಪತ್ತು ವರ್ಷದಿಂದ ಮದುವೆ ಫೋಟೋ ತೆಗೆಯುತ್ತಿದ್ದೇನೆ. ಆದರೂ ಹಿಮಾಚಲದ ನಾರ್ಕಂಡಾದಲ್ಲಿ ನನ್ನ ಮೊದಲ ದಿನದ ಫೋಟೋ ಎಲ್ಲಾ ಹಾಳು. ರಾತ್ರಿಯಿಡೀ ಹಿಮ ಬಿದ್ದು, ಬೆಳಿಗ್ಗೆ ಆಕಾಶ ತೊಳೆದಿಟ್ಟ ಹಾಗಿತ್ತು. ನನ್ನ ಫೋಟೋದಲ್ಲಿ ಮಾತ್ರ ಒಲೆಯ ಬೂದಿ ಹರಡಿದಂತಿತ್ತು.

ಕ್ಯಾಮೆರಾದ ಮೀಟರ್‌ಗೆ ಬಿಳಿ ಅಂದರೆ ಏನೆಂದು ಗೊತ್ತಿಲ್ಲ. ಎದುರಿಗಿರುವುದೆಲ್ಲ ನಡು ಬೂದು ಎಂದುಕೊಂಡೇ ಬೆಳಕು ಅಳೆಯುತ್ತದೆ. ಕಣ್ಣಿಗೆ ಕಂಡಷ್ಟೂ ಹಿಮ ಇದ್ದರೆ, ಬೆಳಕು ಜಾಸ್ತಿ ಆಯ್ತು ಅಂತ ತಾನೇ ಕತ್ತಲು ಮಾಡುತ್ತದೆ. ಬಿಳಿ ಧೋತರದ ಹಿರಿಯರನ್ನು ಸಾಲಾಗಿ ನಿಲ್ಲಿಸಿದಾಗ ಇದನ್ನು ಸರಿ ಮಾಡುವುದು ನನಗೆ ದಿನದ ಕೆಲಸ. ಅಲ್ಲಿ ಚಳಿಗೆ ತಲೆಯೇ ಓಡಲಿಲ್ಲ!

ಮೀಟರ್ ಅಳೆದದ್ದಕ್ಕಿಂತ ಫೋಟೋವನ್ನು ಬೆಳ್ಳಗೆ ಅಥವಾ ಕಪ್ಪಗೆ ಮಾಡುವ ಸೆಟ್ಟಿಂಗ್‌ಗೆ ಎಕ್ಸ್‌ಪೋಶರ್ ಕಾಂಪೆನ್ಸೇಶನ್ ಅಂತಾರೆ, ಅದನ್ನು ಪ್ಲಸ್ 1ಕ್ಕೆ ಇಡಿ. ಬಿಸಿಲು ಚೆನ್ನಾಗಿದ್ದು ಬರೀ ಹಿಮವೇ ಇದ್ದರೆ ಪ್ಲಸ್ 2ರ ತನಕ ಹೋಗಬಹುದು. ಹಿಸ್ಟೋಗ್ರಾಮ್, ಅಂದರೆ ಎಡಕ್ಕೆ ಕಪ್ಪು ಬಲಕ್ಕೆ ಬಿಳಿ ಎಷ್ಟಿದೆ ಎಂದು ಪರದೆ ಮೇಲೆ ತೋರಿಸುವ ನಕ್ಷೆ, ಬಲಕ್ಕೆ ವಾಲಬೇಕು, ಆದರೆ ಬಲಗೋಡೆಗೆ ಅಂಟಬಾರದು. ಅಂಟಿದರೆ ಹಿಮದ ಹರಳು, ಗೆರೆ ಎಲ್ಲಾ ಅಳಿಸಿಹೋಗುತ್ತವೆ. ಮೊಬೈಲ್ ಇದ್ದರೆ ಹಿಮದ ಮೇಲೆ ಬೆರಳಿಟ್ಟು, ಸೂರ್ಯನ ಗುರುತನ್ನು ಮೇಲಕ್ಕೆ ಎಳೆಯಿರಿ. ರೂಢಿ ಮಾಡಿಕೊಳ್ಳಲು ಅಷ್ಟು ದೂರ ಹೋಗಬೇಕಿಲ್ಲ. ಅಮರಗೋಳದ ಎಪಿಎಂಸಿಗೆ ಹತ್ತಿ ಬರುವ ದಿನಗಳಲ್ಲಿ ಒಂದು ಮುಂಜಾನೆ ಹೋಗಿ. ಹತ್ತಿ ರಾಶಿ ಬೆಳ್ಳಗೆ ಬಂತೆಂದರೆ ಹಿಮವೂ ಬರುತ್ತದೆ. ರಾಶಿಯ ಒಡೆಯರನ್ನು ಕೇಳಿಯೇ ತೆಗೆಯಿರಿ ಮತ್ತೆ.

ಹಿಮದ ಮೇಲೆ ಮಧ್ಯಾಹ್ನದ ಬಿಸಿಲು ಸಪ್ಪೆ. ಬೆಳಿಗ್ಗೆ, ಸಂಜೆ ಓರೆ ಬಿಸಿಲು ಬಿದ್ದರೆ ಗಾಳಿ ಎಳೆದ ಗೆರೆಗಳು ಎದ್ದು ಕಾಣುತ್ತವೆ, ನೆರಳು ನೀಲಿಯಾಗುತ್ತದೆ. ಆ ನೀಲಿಯನ್ನು ಪೂರ್ತಿ ತೆಗೆದುಹಾಕಬೇಡಿ, ಚಳಿ ಇರುವುದೇ ಅಲ್ಲಿ. ಮೋಡ ಇದ್ದರೆ ನೆಲ ಆಕಾಶ ಒಂದೇ ಆಗಿಬಿಡುತ್ತವೆ. ಆಗ ಎಲೆ ಉದುರಿದ ಸೇಬಿನ ಗಿಡವನ್ನೋ ದೇವದಾರುವನ್ನೋ ಹಿಡಿಯಿರಿ. ನಾನು ನಮ್ಮ ಮನೆಯವರಿಗೆ ಬ್ಯಾಡಗಿ ಮೆಣಸಿನಕಾಯಿ ಬಣ್ಣದ ಶಾಲು ಹೊದಿಸಿ ದೂರ ನಿಲ್ಲಿಸಿದೆ. ಬೈಸಿಕೊಂಡೆ, ಆದರೆ ಆ ಪ್ರವಾಸದ ಒಳ್ಳೆ ಫೋಟೋ ಅದೇ.

ಮೊದಲು ಫೋಟೋ, ಆಮೇಲೆ ಹೆಜ್ಜೆ. ತುಳಿದ ಹಿಮ ಮತ್ತೆ ಮೊದಲಿನ ಹಾಗೆ ಆಗಲ್ಲ. ರಸ್ತೆಯಂಚಿನಲ್ಲಿ ಹಿಮದಡಿ ಚರಂಡಿ ಇರಬಹುದು, ಕೋಲಿನಿಂದ ಚುಚ್ಚಿ ನೋಡಿ ಕಾಲಿಡಿ. ಧಾರವಾಡ ಇರುವುದು ಸುಮಾರು 750 ಮೀಟರ್ ಎತ್ತರದಲ್ಲಿ, ನಾರ್ಕಂಡಾ ಸುಮಾರು 2,700ರಲ್ಲಿ. ನಾಲ್ಕು ಹೆಜ್ಜೆಗೆ ಏದುಸಿರು ಬರುತ್ತದೆ. ಅದರ ಮೇಲಿನ ಹಾಟು ಶಿಖರ ಸುಮಾರು 3,400 ಮೀಟರ್. ಜೋರು ಹಿಮ ಬಿದ್ದಾಗ ಅಲ್ಲಿಗೆ ಗಾಡಿ ಹೋಗುವುದಿಲ್ಲ. ಊರಿನವರು ಜೊತೆಗಿಲ್ಲದೆ ನಡೆದು ಹೋಗುವ ಹುಚ್ಚು ಬೇಡ. ಜೀನ್ಸ್ ಪ್ಯಾಂಟ್ ಹಾಕಬೇಡಿ, ಒದ್ದೆಯಾದರೆ ಒಣಗುವುದೇ ಇಲ್ಲ.

ಚಳಿಗೆ ಬ್ಯಾಟರಿ ಬೇಗ ಕೈಕೊಡುತ್ತದೆ. ಇನ್ನೊಂದನ್ನು ಒಳಜೇಬಿನಲ್ಲಿ ಮೈಗೆ ತಾಗುವಂತೆ ಇಟ್ಟುಕೊಂಡು, ಆಗಾಗ ಅದಲು ಬದಲು ಮಾಡಿ. ರೂಮಿಗೆ ವಾಪಸ್ ಬರುವಾಗ, ಬಾಗಿಲ ಹೊರಗೇ ಕ್ಯಾಮೆರಾವನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಗಾಳಿ ಹೋಗದಂತೆ ಬಾಯಿ ಕಟ್ಟಿ. ತಣ್ಣಗಿನ ಲೆನ್ಸಿಗೆ ಒಳಗಿನ ಬೆಚ್ಚನೆ ಗಾಳಿ ತಾಗಿದರೆ, ಫ್ರಿಜ್‌ನಿಂದ ತೆಗೆದ ತಂಬಿಗೆಯ ಹಾಗೆ ನೀರು ಕೂರುತ್ತದೆ. ಕಟ್ಟಿಟ್ಟರೆ ನೀರು ಚೀಲದ ಹೊರಮೈ ಮೇಲೆ ಕೂರುತ್ತದೆ. ಒಂದೆರಡು ಗಂಟೆ ಬಿಚ್ಚಬೇಡಿ. ಫೋಟೋ ನೋಡುವ ಆಸೆ ತಡೆಯದಿದ್ದರೆ ಕಾರ್ಡನ್ನು ಹೊರಗೇ ತೆಗೆದಿಟ್ಟುಕೊಳ್ಳಿ. ನನಗೆ ಎರಡನೇ ದಿನವೂ ಅದು ನೆನಪಾಗಲಿಲ್ಲ. ಚೀಲವನ್ನೇ ನೋಡುತ್ತಾ ಮನೆಯಿಂದ ತಂದ ಮೂರು ಕಡಕ್ ರೊಟ್ಟಿ, ಶೇಂಗಾ ಚಟ್ನಿ ಮುಗಿಸಿದೆ.