ವಾಷಿಂಗ್ ಮೆಷಿನ್‌ಗೆ ಬೊಟ್ಟು

ನಮ್ಮನೆಯ ಹಳೆ ವಾಷಿಂಗ್ ಮೆಷಿನ್‌ಗೆ ತಿರುಗಿಸುವ ಗುಂಡಿ ಇತ್ತು. ಕಟಕಟ ಸದ್ದು ಎಣಿಸಿಕೊಂಡು ತಿರುಗಿಸಿದರೆ ಆಯಿತು. ಅದು ಕೆಟ್ಟ ಮೇಲೆ ಹೊಸದು ಬಂತು. ಇದರ ಮೇಲೆ ಕೈಯಾಡಿಸಿದರೆ ಬರೀ ನುಣುಪು, ಗಾಜು ಸವರಿದ ಹಾಗೆ. ಎಲ್ಲಿ ಒತ್ತಬೇಕೋ ತಿಳಿಯುವುದಿಲ್ಲ. ಬಟ್ಟೆ ತುಂಬಿಟ್ಟು, ಯಜಮಾನರು ಸಂಜೆ ಬರುವ ತನಕ ಕಾಯುತ್ತಿದ್ದೆ.

ನನಗಿರುವುದು ರೆಟಿನೈಟಿಸ್ ಪಿಗ್ಮೆಂಟೋಸಾ ಎಂಬ ಕಣ್ಣಿನ ಕಾಯಿಲೆ. ಚಿಕ್ಕವಳಿದ್ದಾಗ ಇರುಳುಗುರುಡು. ಮೂವತ್ತರ ಹೊತ್ತಿಗೆ ಕೊಳವೆಯೊಳಗಿಂದ ನೋಡಿದ ಹಾಗೆ ಎದುರಿನದ್ದಷ್ಟೇ ಕಾಣುತ್ತಿತ್ತು. ಈಗ ಐವತ್ತೆರಡು, ದೀಪ ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ. ಪರದೆಯ ಮೇಲಿರುವುದನ್ನು ಓದಿ ಹೇಳುವ ಟಾಕ್‌ಬ್ಯಾಕ್ ಹಾಕಿಕೊಂಡು ಫೋನ್ ಬಳಸುವುದನ್ನು ಮಗಳು ಕಲಿಸಿದ್ದಳು. ಬಿ ಮೈ ಐಸ್ ಆ್ಯಪ್ ಹಾಕಿಕೊಟ್ಟವಳೂ ಅವಳೇ. ಇದು ಹಾನ್ಸ್ ಯೋರ್ಗನ್ ವೀಬರ್ಗ್ ಎಂಬ ಡೆನ್ಮಾರ್ಕಿನವರ ಯೋಚನೆ, ಅವರಿಗೂ ದೃಷ್ಟಿ ಕಡಿಮೆ. 2015ರಲ್ಲಿ ಐಫೋನ್‌ಗೆ ಬಂತು, 2017ರಲ್ಲಿ ಆಂಡ್ರಾಯ್ಡ್‌ಗೆ. ದುಡ್ಡು ಕೊಡಬೇಕಿಲ್ಲ. ನಮಗೆ ಬೇಕಾದ ಭಾಷೆ ಆರಿಸಿಕೊಂಡು ಕರೆ ಮಾಡಿದರೆ, ಆ ಭಾಷೆಯ ಸ್ವಯಂಸೇವಕರು ಯಾರಾದರೂ ಎತ್ತುತ್ತಾರೆ. ನಮ್ಮ ಎದುರಿಗಿರುವುದನ್ನು ನಮ್ಮ ಫೋನಿನ ಹಿಂದಿನ ಕ್ಯಾಮೆರಾ ಅವರಿಗೆ ತೋರಿಸುತ್ತದೆ, ಅವರು ನೋಡಿ ಹೇಳುತ್ತಾರೆ.

ಎರಡು ತಿಂಗಳು ಅದನ್ನು ಮುಟ್ಟಲಿಲ್ಲ. ಗುರುತಿಲ್ಲದವರನ್ನು ಕೇಳುವುದು ಹೇಗೆ ಅಂತ ನಾಚಿಕೆ. ಕೊನೆಗೆ ಒಂದು ದಿನ ಸಂಜೆ, ಧನಿಯಾ ಪುಡಿ ಯಾವುದು ಸಾರಿನ ಪುಡಿ ಯಾವುದು ಗೊತ್ತಾಗದೆ ಒತ್ತಿಯೇಬಿಟ್ಟೆ. (ಹೌದು, ಮೂಸಿ ನೋಡಬಹುದು. ನೆಗಡಿ ಇತ್ತು.) ಎತ್ತಿದ ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, “ಆಂಟಿ, ಲೈಟ್ ಹಾಕಿದೀರಾ?” ಅಂದ. ನಾನು ಕತ್ತಲೆಯಲ್ಲೇ ನಿಂತಿದ್ದೆ! ಅವನೇ ಅಲ್ಲಿಂದ ನನ್ನ ಫೋನಿನ ಟಾರ್ಚ್ ಹಚ್ಚಿದ. ಇಬ್ಬರೂ ನಕ್ಕೆವು. ನಾಚಿಕೆ ಅಲ್ಲಿಗೆ ಹೋಯಿತು.

ಫೋನ್ ಹಿಡಿಯುವುದು ಕೈಗೆ ಬರಲು ಜಾಸ್ತಿ ದಿನ ಹಿಡಿಯಿತು. ವಸ್ತು ಮೇಜಿನ ಮೇಲಿರಲಿ. ಫೋನಿನ ಬೆನ್ನು ಅದಕ್ಕೆ ಮುಟ್ಟಿಸಿ, ಆಮೇಲೆ ನಿಧಾನಕ್ಕೆ ಒಂದು ಗೇಣು ಮೇಲೆ ಎತ್ತಿ. ಎರಡೂ ಮೊಣಕೈ ಮೇಜಿಗೆ ಊರಿ, ಕೈ ನಡುಗುವುದಿಲ್ಲ. ಕ್ಯಾಮೆರಾ ಯಾವ ಮೂಲೆಯಲ್ಲಿದೆ ಅಂತ ಬೆರಳಿಗೆ ನೆನಪಿರಬೇಕು, ಇಲ್ಲದಿದ್ದರೆ ಅಂಗೈಯೇ ಅಡ್ಡ ಬರುತ್ತದೆ. ಕೇಳುವುದೂ ಅಷ್ಟೇ. “ಇದೇನು?” ಅಂದರೆ ಪ್ಯಾಕೆಟ್ ಮೇಲಿನ ಜಾಹೀರಾತನ್ನೆಲ್ಲ ಓದುತ್ತಾರೆ ಪಾಪ. “ಇದರ ಮೇಲೆ ಎಕ್ಸ್‌ಪೈರಿ ಡೇಟ್ ಎಲ್ಲಿದೆ, ಎಷ್ಟಿದೆ?” ಅಂದರೆ ಅರ್ಧ ನಿಮಿಷದ ಕೆಲಸ.

ಮೆಷಿನ್‌ಗೆ ಬರೋಣ. ಪ್ರತಿ ಸಲ ಬಟ್ಟೆ ಒಗೆಯಲು ಯಾರಿಗೋ ಕರೆ ಮಾಡುವುದು ನನಗೆ ಇಷ್ಟವಿರಲಿಲ್ಲ. ಒಂದೇ ಸಲ ಕೇಳಿ ಮುಗಿಸೋಣ ಅಂತ ಹಣೆಗೆ ಇಟ್ಟುಕೊಳ್ಳುವ ಸ್ಟಿಕ್ಕರ್ ಬೊಟ್ಟಿನ ಹಾಳೆ ತೆಗೆದುಕೊಂಡು ಕೂತೆ. ಕಲ್ಲಿನ ಬೊಟ್ಟು, ಬೆರಳಿಗೆ ಚೆನ್ನಾಗಿ ಸಿಗುತ್ತದೆ. ಆ ದಿನ ಎತ್ತಿದವರು ಮಾತಿನಲ್ಲಿ ಹುಬ್ಬಳ್ಳಿ ಕಡೆಯವರು. ಎಡಗೈಯಲ್ಲಿ ಫೋನ್, ಬಲಗೈ ತೋರುಬೆರಳು ಪ್ಯಾನೆಲ್ ಮೇಲೆ. “ಇನ್ನಷ್ಟು ಬಲಕ್ಕ ಸರಸ್ರಿ... ಅಲ್ರೀ, ಜಾಸ್ತಿ ಆತು... ಹಾಂ, ಅದ ನೋಡ್ರಿ ಪವರ್.” ಬೆರಳು ತೆಗೆಯದೆ ಫೋನ್ ಪಕ್ಕಕ್ಕಿಟ್ಟು ಬೊಟ್ಟು ಅಂಟಿಸುವುದೇ ದೊಡ್ಡ ಸರ್ಕಸ್. ಪವರ್‌ಗೆ ದೊಡ್ಡ ಬೊಟ್ಟು, ಸ್ಟಾರ್ಟ್‌ಗೆ ಉದ್ದನೆಯದು, ಪ್ರೋಗ್ರಾಂ ಬದಲಿಸುವುದಕ್ಕೆ ಚಿಕ್ಕದು. ಗುಂಡಿಯ ಮೇಲೇ ಅಂಟಿಸಬೇಡಿ, ಒಂದು ಕೂದಲೆಳೆ ಕೆಳಗೆ ಅಂಟಿಸಿ ಅಂದದ್ದು ಅವರೇ. ಹುಡುಕುವಾಗ ಅಕಸ್ಮಾತ್ ಒತ್ತಿ ಹೋಗಬಾರದಲ್ವಾ? ಎಷ್ಟನೇ ಒತ್ತಿಗೆ ಯಾವ ಪ್ರೋಗ್ರಾಂ ಅಂತಲೂ ಓದಿ ಹೇಳಿದರು. ಹನ್ನೆರಡು ನಿಮಿಷ ಹಿಡಿಯಿತು. ಅವರ ಹೆಸರು ನಾನು ಕೇಳಲಿಲ್ಲ, ಅವರೂ ಕೇಳಲಿಲ್ಲ.

2023ರಿಂದ ಇದೇ ಆ್ಯಪ್‌ನಲ್ಲಿ ಫೋಟೊ ನೋಡಿ ವಿವರಿಸುವ ಎಐ ಕೂಡ ಬಂದಿದೆ. ಮದುವೆ ಕಾರ್ಡು, ಫೋಟೊ, ಉದ್ದದ ಪತ್ರ ಇಂಥದ್ದಕ್ಕೆ ಅದೇ ಸಾಕು. ನೋಟು ಗುರುತಿಸಲು ರಿಸರ್ವ್ ಬ್ಯಾಂಕಿನ ಮಣಿ ಆ್ಯಪ್ ಇದೆ, ನೆಟ್ ಇಲ್ಲದಿದ್ದರೂ ನಡೆಯುತ್ತದೆ. ಆದರೆ ಹಾಲಿನ ಪ್ಯಾಕೆಟ್‌ನ ಮಡಿಕೆಯಲ್ಲಿ ಚುಕ್ಕಿ ಚುಕ್ಕಿಯಾಗಿ ಅಚ್ಚಾದ ತಾರೀಕು ಓದಿಸಲು “ಸ್ವಲ್ಪ ತಿರುಗಿಸಿ, ಹಾಂ, ಹಾಗೇ ಹಿಡ್ಕೊಳ್ಳಿ” ಅನ್ನುವ ಮನುಷ್ಯರೇ ನನಗೆ ಸರಿ.

ಕೆಲವನ್ನು ಕ್ಯಾಮೆರಾ ಮುಂದೆ ತರುವುದೇ ಇಲ್ಲ: ಎಟಿಎಂ ಕಾರ್ಡು, ಪಾಸ್‌ಬುಕ್ಕು, ಒಟಿಪಿ. ಕರೆಗೆ ಮೊದಲು ಮೇಜಿನ ಮೇಲಿನ ಕಾಗದ ಪತ್ರ ಎತ್ತಿಡುತ್ತೇನೆ. ಮಾತ್ರೆಯ ಹೆಸರು ಓದಿಸುತ್ತೇನೆ, ಎಷ್ಟು ತಗೊಳ್ಳಬೇಕು ಅಂತ ಕೇಳುವುದಿಲ್ಲ. ರಸ್ತೆ ದಾಟಲು ಬಿಳಿ ಕೋಲೇ.

ಹೋದ ವಾರ ಚಿಕ್ಕ ಬೊಟ್ಟು ಬಿದ್ದುಹೋಯಿತು. ಜಾಗ ಬೆರಳಿಗೆ ಅಂದಾಜಿತ್ತು, ಆದರೂ ಇನ್ನೊಮ್ಮೆ ಕರೆ ಮಾಡಿ ಖಾತ್ರಿ ಮಾಡಿಕೊಂಡೆ. ಈ ಸಲ ಫೆವಿಕ್ವಿಕ್ ಹಾಕಿದ್ದೇನೆ.